ಬಾಗಿಲ ಹೊರಗಿದ್ದವರ ಹೆಸರು

ಕಾಂಗೋ ದೇಶ
೭-೫-೧೯೬೧

ದಮಯಂತಿಗೆ,

ನಾನು ಗಟ್ಟಿಮುಟ್ಟಾಗಿ ಬಂದು ತಲುಪಿದ್ದೇನೆ. ಹಡಗಿನಲ್ಲಿ ವಾಂತಿ ಮಾಡಿಕೊಂಡವರ ಪೈಕಿ ನಾನಿಲ್ಲ ಎಂದು ಬೆಳ್ಯಪ್ಪಣ್ಣನಿಗೆ ಹೇಳು. ಊರಿನ ಹೆಸರು ಬರೆಯುವ ಹಾಗಿಲ್ಲ, ಸಾಹೇಬರು ಕಾಗದ ಒಡೆದು ನೋಡುತ್ತಾರೆ. ಇಲ್ಲಿಯವರೇ ಇಲ್ಲಿಯವರನ್ನು ಕೊಲ್ಲುತ್ತಿದ್ದಾರೆ. ಹಲವು ದೇಶಗಳಿಂದ ಬಂದ ಶಾಂತಿಪಡೆಯವರು ನಾವು, ತಲೆಗೆ ನೀಲಿ ಟೊಪ್ಪಿ ಹಾಕಿಕೊಂಡು ನಡುವೆ ನಿಲ್ಲಬೇಕು. ನನಗೆ ಆ ಕಷ್ಟವೂ ಇಲ್ಲ. ನಾನು ರೇಷನ್ ಸ್ಟೋರಿನ ಹವಾಲ್ದಾರ. ಬೀಗದ ಕೈ ನನ್ನ ಸೊಂಟದಲ್ಲಿ. ಮೇಜರ್ ಸಾಹೇಬರೂ ಒಂದು ಡಬ್ಬಿ ಹಾಲು ಬೇಕಾದರೆ ನನ್ನ ಮುಖ ನೋಡಬೇಕು.

ಬೇಲಿಯ ಆಚೆ ಊರು ಬಿಟ್ಟು ಓಡಿ ಬಂದವರ ಬಿಡಾರ ಉಂಟು. ಸೊಳ್ಳೆಯ ಹಾಗೆ ಜನ. ದಿನ ಬೆಳಗಾದರೆ ತಂತಿ ಹಿಡಿದು ನಿಂತಿರುತ್ತಾರೆ. ಮೊನ್ನೆ ಒಬ್ಬಳಿಗೆ ಎರಡು ಡಬ್ಬಿ ಹಾಲು ಕೊಟ್ಟು ದಂತದ ಬಳೆ ತೆಗೆದುಕೊಂಡೆ. ನಿನಗೇ. ಬೆಳ್ಳಾರೆಯಲ್ಲಿ ಯಾರ ಕೈಯಲ್ಲೂ ಇಂಥದ್ದು ಇರಲಿಕ್ಕಿಲ್ಲ.

ಇನ್ನು ನಿನ್ನ ವಿಷಯ. ತವರಿಗೆ ಹೋಗಲು ನೆವ ಹುಡುಕಬೇಡ. ನಾನಿಲ್ಲದಾಗ ಆಲಂಕಾರಿನ ಬಸ್ಸು ಹತ್ತಿದ್ದು ಗೊತ್ತಾದರೆ ಬಂದ ಮೇಲೆ ನಿನಗೂ ನನಗೂ ಸರಿ ಇರುವುದಿಲ್ಲ. ಕುಮುದಿನಿಯನ್ನು ತಲೆಯ ಮೇಲೆ ಕೂರಿಸಿಕೊಳ್ಳಬೇಡ. ಅವ್ವನ ಮಾತು ಕೇಳು.

ತೀರ್ಥರಾಮ

*

ಬೆಳ್ಳಾರೆ
೨-೬-೧೯೬೧

ಕುಮುದಿನಿಯ ಅಪ್ಪನಿಗೆ ನಮಸ್ಕಾರಗಳು.

ಕಾಗದ ತಲುಪಿತು. ಹಡಗಿನ ವಿಷಯ ಬಾವನಿಗೆ ಹೇಳಿದೆ. ಅವರು ಇಡೀ ಪೇಟೆಗೆ ಹೇಳಿದರು. ಅತ್ತೆಯ ಮೊಣಕಾಲು ನೋವು ಹಾಗೇ ಉಂಟು, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ನಾನು ಎಲ್ಲಿಗೂ ಹೋಗಲಿಲ್ಲ. ತೋಡಿನ ಆಚೆ ದಾಟಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಕುಮುದಿನಿ "ಅಪ್ಪ ಬರುದು ಯಾವಾಗ, ಅಪ್ಪ ಬರುದು ಯಾವಾಗ" ಅಂತ ದಿನಾ ಕೇಳುತ್ತಾಳೆ. ಇನ್ನೂ ತುಂಬಾ ದಿನ ಉಂಟು ಅಂದರೆ ಸುಮ್ಮನಾಗಿ ಆಡಲು ಹೋಗುತ್ತಾಳೆ.

ಬಳೆ ಹೊಸತೇ, ಅವಳು ಕೈಯಲ್ಲಿ ಹಾಕಿಕೊಂಡಿದ್ದದ್ದೇ? ಸುಮ್ಮನೆ ಕೇಳಿದೆ.

ದಮಯಂತಿ

*

ಕಾಂಗೋ
೨೮-೬-೧೯೬೧

ದಮಯಂತಿಗೆ,

ಮಗಳು ದಿನಾ ಕೇಳುತ್ತಾಳೆ ಎಂದು ಓದಿ ಸಂತೋಷವಾಯಿತು. ಹೆದರಿಸಿ ಸಾಕಿದ ಮಕ್ಕಳಿಗೇ ಅಪ್ಪನ ಮೇಲೆ ಪ್ರೀತಿ ಜಾಸ್ತಿ. ಬಳೆ ಹಳೆಯದಾದರೆ ನಿನಗೆ ಸಾಲದೋ? ಹೆಂಗಸರ ಬುದ್ಧಿ ಹಡಗು ಹತ್ತಿದರೂ ಬಿಡುವುದಿಲ್ಲ. ತಿಕ್ಕಿ ತೊಳೆದು ತರುತ್ತೇನೆ.

ಇಲ್ಲಿ ಒಂದು ದೊಡ್ಡ ವಿಷಯ ಆಯಿತು. ಇದನ್ನು ಬೆಳ್ಯಪ್ಪಣ್ಣನಿಗೆ ಓದಿ ಹೇಳು. ಹೋದ ವಾರ ನಮ್ಮ ತುಕಡಿ ಸೇತುವೆ ಕಾಯಲು ಹೋಗಿದ್ದಾಗ ಕತ್ತಿ, ಬಂದೂಕು ಹಿಡಿದ ಒಂದು ಗುಂಪು ಆ ಬಿಡಾರಕ್ಕೆ ನುಗ್ಗಿತು. ಸ್ಟೋರಿನಲ್ಲಿ ಇದ್ದದ್ದು ನಾನು ಮತ್ತು ಇಬ್ಬರು ಸಿಪಾಯಿಗಳು. ಬಿಡಾರದವರು ಬೇಲಿ ಮುರಿದು ಓಡಿ ಬಂದು ನನ್ನ ಬಾಗಿಲು ಬಡಿದರು. ತೆರೆದಿದ್ದರೆ ಒಳಗೆ ಒಂದು ಡಬ್ಬಿಯೂ ಉಳಿಯುತ್ತಿರಲಿಲ್ಲ. ಸಿಪಾಯಿಗಳಿಗೆ ತಲೆ ಕೆಟ್ಟು ತೆರೆಯೋಣ ಅಂದರು. ಬಾಯಿ ಮುಚ್ಚಿಸಿದೆ. ಅಡ್ಡಪಟ್ಟಿ ಹಾಕಿ, ಹಿಟ್ಟಿನ ಮೂಟೆಗಳನ್ನು ಬಾಗಿಲಿಗೆ ಒತ್ತಿಟ್ಟು ಬೆನ್ನು ಕೊಟ್ಟು ಕೂತೆ. ತುಂಬಾ ಹೊತ್ತು ಬಡಿದರು. ಆಮೇಲೆ ಬಡಿಯುವುದು ನಿಂತಿತು.

ತುಕಡಿ ವಾಪಸು ಬಂದ ಮೇಲೆ ಬಾಗಿಲು ತೆರೆದೆ. ಹೊಸಿಲು ತೊಳೆಯಲು ಬಹಳ ನೀರು ಬೇಕಾಯಿತು. ಸ್ಟೋರಿನಲ್ಲಿ ಒಂದು ಉಪ್ಪಿನ ಪೊಟ್ಟಣ ಕೂಡ ಕಡಿಮೆಯಾಗಿಲ್ಲ. ಸಾಹೇಬರು ಬೆನ್ನು ತಟ್ಟಿದರು.

ತೀರ್ಥರಾಮ

*

ಬೆಳ್ಳಾರೆ
೨೬-೭-೧೯೬೧

ಕುಮುದಿನಿಯ ಅಪ್ಪನಿಗೆ,

ನೀವು ಹೇಳಿದ ಹಾಗೆ ಚಾವಡಿಯಲ್ಲಿ ಕೂತು ಬಾವನಿಗೂ ಅತ್ತೆಗೂ ಓದಿ ಹೇಳಲು ಹೊರಟೆ. ಹೊಸಿಲು ತೊಳೆದ ಸಾಲಿಗೆ ಬಂದಾಗ ಕಾಗದ ಕೆಳಗಿಟ್ಟೆ. ಬಾವನೇ ಕಾಗದ ತೆಗೆದುಕೊಂಡು ಉಳಿದದ್ದನ್ನು ಓದಿದರು. ಓದಿದ ಮೇಲೆ ಈ ಸಲ ಅವರು ಪೇಟೆಗೆ ಹೇಳಲು ಹೋಗಲಿಲ್ಲ.

ಅತ್ತೆ ಕೇಳಿದ್ದು ಒಂದೇ ಮಾತು. "ಆ ಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿ ಇತ್ತು?" ನಿಮ್ಮದೇ ಅಂದೆ. "ಹಾಗಾದರೆ ಅದು ನಮ್ಮ ಹೊಸಿಲೇ" ಅಂದರು.

ಈಗ ಆಟಿ ತಿಂಗಳು. ಅಮಾವಾಸ್ಯೆಯ ಹೊತ್ತಿಗೆ ಸತ್ತವರಿಗೆ ಬಡಿಸಬೇಕು. ನಿಮಗೆ ಗೊತ್ತಿದೆ, ಈ ಮನೆಯ ಹೊಸಿಲಲ್ಲಿ ಯಾರು ಜೀವ ಬಿಟ್ಟರೂ, ಯಾವ ಜಾತಿಯವರಾದರೂ, ಅವರಿಗೆ ಈ ಮನೆಯವರೇ ಎಲೆ ಹಾಕುವುದು ಕ್ರಮ. ಹಿಂದೆ ಮಾರಿಬೇನೆಯ ಕಾಲದಲ್ಲಿ ಜಗಲಿಗೆ ಬಂದು ಸತ್ತ ಆ ಬಳೆಗಾರನಿಗೆ ಇವತ್ತಿಗೂ ಅಂಗಳದ ಮೂಲೆಯಲ್ಲಿ ಒಂದು ಎಲೆ ಉಂಟಲ್ಲ. ಇವರಿಗೂ ಹಾಕಬೇಕು ಅಂತ ಅತ್ತೆ ಹಟ ಹಿಡಿದಿದ್ದಾರೆ. ಹಾಕಿದರೆ ಸಾಲದು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು, ಕರೆಯದಿದ್ದರೆ ಯಾರೂ ಬಂದು ಉಣ್ಣುವುದಿಲ್ಲ.

ಆದುದರಿಂದ ಅವರ ಹೆಸರುಗಳನ್ನು ಬರೆದು ಕಳಿಸಿ. ಅತ್ತೆಗಾಗಿ ಮಾತ್ರ ಕೇಳುತ್ತಿದ್ದೇನೆ ಅಂತ ತಿಳಿಯಬೇಡಿ.

ದಮಯಂತಿ

*

ಕಾಂಗೋ
೨೦-೮-೧೯೬೧

ದಮಯಂತಿಗೆ,

ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹುಚ್ಚು ಹಿಡಿದಿದೆಯೇ? ಬೆನ್ನು ತಟ್ಟಿಸಿಕೊಂಡ ಸುದ್ದಿ ಬರೆದರೆ ಶ್ರಾದ್ಧದ ಮಾತು ಬರೆಯುತ್ತೀಯಲ್ಲ. ಅದು ಸರ್ಕಾರದ ಸ್ಟೋರು, ನಮ್ಮ ಅಪ್ಪನ ಮನೆಯಲ್ಲ. ಅವ್ವನಿಗೆ ವಯಸ್ಸಾಯಿತು, ನಿನಗೆ ಎಂತ ಆಗಿದೆ? ಇಲ್ಲಿ ದಿನಾ ಜನ ಸಾಯುತ್ತಾರೆ. ಎಲ್ಲರ ಹೆಸರು ಕೇಳಿಕೊಂಡು ತಿರುಗಲು ನಾನೇನು ಶ್ಯಾನುಭೋಗನೇ? ಈ ವಿಷಯ ಇನ್ನು ಎತ್ತಬೇಡ.

ಒಳಗೆ ಕೂತಿದ್ದಾಗ ಹೊರಗಿನಿಂದ ಒಬ್ಬ ನನ್ನನ್ನು "ಹವಾಲ್ದಾರ್, ಹವಾಲ್ದಾರ್" ಎಂದು ಕರೆದ. ದಿನಾ ಮೂಟೆ ಇಳಿಸಲು ಬರುತ್ತಿದ್ದ ಆ ಉದ್ದದವನೇ ಇರಬೇಕು. ಮರುದಿನದಿಂದ ಕೆಲಸಕ್ಕೆ ಬಂದಿಲ್ಲ. ಹೆಸರು ಗೊತ್ತಿಲ್ಲ. "ಏಯ್" ಅಂದರೆ ಬರುತ್ತಿದ್ದ.

ತೀರ್ಥರಾಮ

*

ಆಲಂಕಾರು
೧೬-೯-೧೯೬೧

ಕುಮುದಿನಿಯ ಅಪ್ಪನಿಗೆ,

ಊರಿನ ಹೆಸರು ನೋಡಿಯೇ ನಿಮಗೆ ಸಿಟ್ಟು ನೆತ್ತಿಗೇರಿರಬಹುದು. ಹೌದು, ಬಸ್ಸು ಹತ್ತಿದೆ. ಮಗಳನ್ನೂ ಕರೆದುಕೊಂಡು ಬಂದಿದ್ದೇನೆ. ತಮ್ಮ ಚೆನ್ನಕೇಶವ ಎರಡು ಕೋಣೆ ಬಿಟ್ಟುಕೊಟ್ಟಿದ್ದಾನೆ. ಇನ್ನು ನಾನು ಆ ಮನೆಗೆ ಬರುವುದಿಲ್ಲ.

ಬೆಳ್ಳಾರೆಯಲ್ಲಿ ಅತ್ತೆ ಅಂಗಳದಲ್ಲಿ ಎಲೆ ಹಾಕಿದರು. ರೊಟ್ಟಿ, ಕೋಳಿ ಸಾರು ಬಡಿಸಿದರು. ಕರೆಯಲು ಬಾಯಿ ತೆರೆದರು. ಕರೆಯಲು ಹೆಸರಿಲ್ಲ. ಎಲೆ ಮಡಿಸಿ ಒಳಗೆ ಹೋದರು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ವಿಷಯ ನಿಮಗೆ ಮುಚ್ಚಿಟ್ಟಿದ್ದೆ. ಅಪ್ಪ ಯಾವಾಗ ಬರುತ್ತಾರೆ ಅಂತ ಮಗಳು ಕೇಳುವುದು ಪ್ರೀತಿಯಿಂದಲ್ಲ, ಹೆದರಿಕೆಯಿಂದ. ಮುಚ್ಚಿದ ಬಾಗಿಲಿನ ಹೊರಗೆ ನಿಲ್ಲುವುದು ಎಂಥದ್ದು ಅಂತ ನಮ್ಮಿಬ್ಬರಿಗೂ ಗೊತ್ತು. ಸಾರಿಗೆ ಉಪ್ಪು ಜಾಸ್ತಿಯಾದ ದಿನ ನಮ್ಮಿಬ್ಬರನ್ನೂ ಹೊರಗೆ ಹಾಕಿ ನೀವು ಚಿಲಕ ಹಾಕಿಕೊಂಡಿರಿ. ನಾನು ಬಾಗಿಲು ಬಡಿದು ಕರೆದೆ. ನೀವು ನಿದ್ರೆ ಮಾಡಿರಲಿಲ್ಲ, ಒಳಗಿನಿಂದ ಬೀಡಿಯ ವಾಸನೆ ಬರುತ್ತಿತ್ತು. ನಮ್ಮ ಹಿಂದೆ ಯಾರೂ ಕತ್ತಿ ಹಿಡಿದು ಬರುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಆ ಉದ್ದದವನಿಗೆ ಹೆಸರು ಇರಲಿಲ್ಲವೇ? ಅವನ ಅಮ್ಮ ಅವನನ್ನು "ಏಯ್" ಅಂತ ಕರೆದು ಸಾಕಿದ್ದಳೇ? ಹೋಗಿ ಕೇಳಿ. ಹೆಸರು ಸಿಕ್ಕಿದರೆ ಬರೆಯಿರಿ. ಸಿಕ್ಕದಿದ್ದರೆ ನನಗೆ ಕಾಗದವೇ ಬೇಡ.

ದಮಯಂತಿ

*

ಕಾಂಗೋ
೧೯-೧೦-೧೯೬೧

ದಮಯಂತಿ,

ನಿನಗೆ ಉತ್ತರ ಬರೆಯಲು ಕೂತು ಕೂತು ಹರಿದೆ. ಮೊದಲು ಬರೆದದ್ದರಲ್ಲಿ ಬರೀ ಬೈಗುಳ ಇತ್ತು. ಆಮೇಲೆ ಬರೆದದ್ದರಲ್ಲಿ ನಾನು ಆ ದಿನ ನಿದ್ರೆ ಮಾಡಿದ್ದೆ ಎಂದು ಬರೆದಿದ್ದೆ. ಅದು ಸುಳ್ಳು. ನೀನು ಕರೆದದ್ದು ಕೇಳಿತ್ತು. ಇವರು ಕರೆದದ್ದೂ ಕೇಳಿತ್ತು. ಮೂಟೆಯ ಈಚೆಗೆ ಬೆನ್ನು ಕೊಟ್ಟು ಕೂತಿದ್ದೆನಲ್ಲ, ಒಂದೊಂದು ಬಡಿತವೂ ಬೆನ್ನಿಗೆ ಗೊತ್ತಾಗುತ್ತಿತ್ತು.

ನಾನು ಬಿಡಾರಕ್ಕೆ ಹೋದೆ. ಇಲ್ಲಿ ಹೆಸರಿಗೆ "ಜಿನ" ಅನ್ನುತ್ತಾರೆ. ಆ ಒಂದು ಮಾತು ಕಲಿತುಕೊಂಡು ಹೋಗಿ ಕೇಳಿದೆ. ನನ್ನನ್ನು ಕಂಡ ಕೂಡಲೇ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಗುಡಾರದೊಳಗೆ ಹೋದರು. ಮಾರನೆಯ ದಿನ ಅವರ ಮಾತು ಬಲ್ಲ ಒಬ್ಬ ದುಭಾಷಿಯನ್ನು ಕರೆದುಕೊಂಡು ಮತ್ತೆ ಹೋದೆ. ಬಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ, ಅದನ್ನು ಕೊಟ್ಟವಳಾದರೂ ಗುರುತು ಹಿಡಿಯಬಹುದು ಅಂತ. ಹಿಡಿದಳು. ಅವಳ ಹೆಸರು ಕಪಿಂಗ. ಬಳೆ ವಾಪಸು ಕೊಟ್ಟರೆ ಮುಟ್ಟಲಿಲ್ಲ. ಹಾಲು ಕುಡಿಯಬೇಕಾಗಿದ್ದ ಮಗು ಈಗಿಲ್ಲವಂತೆ, ಜ್ವರ ಬಂದು ಹೋಯಿತು. ನನ್ನ ಬಾಗಿಲ ಕಡೆ ಕೈ ತೋರಿಸಿ ಒಂದು ಹೆಸರು ಹೇಳಿದಳು. ಕಸೊಂಗೊ. ಆ ಉದ್ದದವನು ಅವಳ ಗಂಡ, ದಮಯಂತಿ. ಅವನ ಹೆಂಡತಿಯ ಕೈಯಿಂದ ನಾನು ಬಳೆ ಕಳಚಿದ್ದು, ಅವನ ಬೆನ್ನ ಮೇಲೆ ನಾನು ಮೂಟೆ ಹೊರಿಸಿದ್ದು. ಅವನು ಬಾಗಿಲು ಬಡಿದದ್ದು ನನಗೆ ತನ್ನ ಗುರುತು ಉಂಟು ಎಂಬ ನಂಬಿಕೆಯಿಂದ.

ಆಮೇಲೆ ಒಬ್ಬೊಬ್ಬರೇ ಬಂದು ಹೇಳಿದರು. ಬರೆದುಕೋ. ಕಸೊಂಗೊ. ಅವನ ತಮ್ಮ ಇಲುಂಗ. ಮುದುಕ ಬಾಂಜ. ಅವನನ್ನು ಎತ್ತಿಕೊಂಡು ಬಂದಿದ್ದ ಕಲಾಲ. ಬಸುರಿ ಎಂಬುಯಿ. ಬಾಗಿಲಿನ ಹತ್ತಿರವೇ ಅವಳಿಗೆ ಹೆರಿಗೆಯಾಯಿತಂತೆ. ಆ ಮಗುವಿಗೆ ಹೆಸರಿಡಲು ಯಾರಿಗೂ ಸಮಯ ಸಿಗಲಿಲ್ಲ. ಹೆಸರಿಲ್ಲದ ಮಗುವನ್ನು ಹೇಗೆ ಕರೆಯುವುದು ಎಂದು ಅವ್ವನಲ್ಲಿ ಕೇಳಿ ತಿಳಿಸು.

ನನಗೆ ಊಟ ಸೇರುವುದಿಲ್ಲ. ಸ್ಟೋರಿನೊಳಗೆ ಕೂರಲು ಆಗುವುದಿಲ್ಲ. ನೀನು ಆಲಂಕಾರಿಗೆ ಹೋದದ್ದು ಒಳ್ಳೆಯದಾಯಿತು. ಮಗಳಿಗೆ ನಾನು ಸದ್ಯಕ್ಕೆ ಬರುವುದಿಲ್ಲ ಎಂದು ಹೇಳು, ಧೈರ್ಯವಾಗಿ ಆಡಿಕೊಂಡಿರಲಿ.

ತೀರ್ಥರಾಮ

*

ಆಲಂಕಾರು
೨೦-೧೧-೧೯೬೧

ಕುಮುದಿನಿಯ ಅಪ್ಪನಿಗೆ,

ನಿಮ್ಮ ಕಾಗದವನ್ನು ಬೆಳ್ಳಾರೆಗೆ ಕಳಿಸಿದೆ. ಎರಡೇ ದಿನದಲ್ಲಿ ಅತ್ತೆ ಆ ಮೊಣಕಾಲು ಹೊತ್ತುಕೊಂಡು ಬಸ್ಸಿನಲ್ಲಿ ಇಲ್ಲಿಗೇ ಬಂದರು. ಮುಂದಿನ ಆಟಿಯವರೆಗೆ ಕಾಯುವುದಿಲ್ಲ, ಅವರು ಹಸಿದು ನಿಂತಿದ್ದಾರೆ ಅಂದರು. ದೀಪಾವಳಿಯ ಮರುದಿನ ನಮ್ಮ ಅಂಗಳದಲ್ಲೇ ಎಲೆ ಹಾಕಿದೆವು. ಹೆಸರು ಓದಿದ್ದು ನಾನು, ಕರೆದದ್ದು ಅತ್ತೆ. ಕಸೊಂಗೊ ಅನ್ನಲು ಅವರಿಗೆ ನಾಲ್ಕು ಸಲ ಬೇಕಾಯಿತು. ಸರಿಯಾಗುವವರೆಗೆ ಬಿಡಲಿಲ್ಲ. ಮಗುವನ್ನು "ಬಾ ಮಗೂ" ಅಂದರು. ಹಾಲು ಕುಡಿಯುವ ಮಕ್ಕಳಿಗೆ ಅಷ್ಟು ಸಾಕಂತೆ. ಕಪಿಂಗಳ ಮಗುವಿಗೂ ಅದರ ಬದಿಯಲ್ಲೇ ಬಡಿಸಿದರು.

ನೀವು ಸದ್ಯಕ್ಕೆ ಬರುವುದಿಲ್ಲ ಅಂತ ನಾನು ಮಗಳಿಗೆ ಹೇಳಿಲ್ಲ. ನನಗೆ ಹೇಳಬೇಕು ಅನ್ನಿಸಲಿಲ್ಲ. ನಿಮ್ಮ ಅವಧಿ ಮಾರ್ಚಿಗೆ ಮುಗಿಯುತ್ತದಲ್ಲ. ನೀವು ಬೆಳ್ಳಾರೆಯಲ್ಲಿ ಬಸ್ಸು ಇಳಿಯುವ ದಿನ ನಾನೂ ಅಲ್ಲಿರುತ್ತೇನೆ. ಈ ಕಾಗದ ಬರೆದ ಮನುಷ್ಯನ ಜೊತೆ ನಾನು ಇನ್ನೂ ಸಂಸಾರ ಮಾಡಿಲ್ಲ, ಒಮ್ಮೆ ಮಾಡಿ ನೋಡಬೇಕು. ಬದುಕಿ ಬನ್ನಿ, ಅಷ್ಟು ಸಾಕು.

ದಮಯಂತಿ

*

ಕಾಂಗೋ
೨೧-೧೨-೧೯೬೧

ದಮಯಂತಿ,

ನಿನ್ನ ಕಾಗದ ಜೇಬಿನಲ್ಲೇ ಉಂಟು. ನಾನು ಈಗ ಕಾವಲಿನಲ್ಲಿ ಇದ್ದೇನೆ. ಹೆದರಬೇಡ, ಗಾಯ ಇಲ್ಲ. ಈ ಕಾಗದವನ್ನು ಸಾಹೇಬರ ಕಣ್ಣಿಗೆ ಬೀಳದ ಹಾಗೆ ಊರಿಗೆ ಹೊರಟ ಒಬ್ಬ ಸಿಪಾಯಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಈ ತಿಂಗಳು ಮತ್ತೆ ಯುದ್ಧ ಶುರುವಾಯಿತು. ನಮ್ಮ ತುಕಡಿ ಆ ಊರು ಬಿಟ್ಟು ಹಿಂದೆ ಸರಿಯಬೇಕೆಂದು ಆಜ್ಞೆ ಬಂತು. ಸ್ಟೋರಿನ ಸಾಮಾನು ತುಂಬಲು ಎರಡು ಲಾರಿ ಕೊಟ್ಟರು. ನಾವು ಹೋದರೆ ಬಿಡಾರದವರ ಗತಿ ಏನೆಂದು ಸಣ್ಣ ಮಕ್ಕಳಿಗೂ ಗೊತ್ತಿತ್ತು. ಎಲ್ಲರೂ ಬೇಲಿಯ ಹತ್ತಿರ ಬಂದು ನಿಂತರು. ಈ ಸಲ ಯಾರೂ ಬಾಗಿಲು ಬಡಿಯಲಿಲ್ಲ. ಬಡಿದು ಪ್ರಯೋಜನವಿಲ್ಲ ಎಂದು ಅವರಿಗೆ ನಾನೇ ಕಲಿಸಿದ್ದೆನಲ್ಲ.

ನಾನು ಸಾಮಾನು ಬಿಟ್ಟು ಲಾರಿಗೆ ಅವರನ್ನು ಹತ್ತಿಸಿದೆ. ಕ್ಯಾಪ್ಟನ್ ಸಾಹೇಬರು ಇಳಿಸು ಎಂದರು. ಆಗುವುದಿಲ್ಲ ಎಂದೆ. ಮತ್ತೊಮ್ಮೆ ಹೇಳಿದರು. ಬಂದೂಕಿನವರು ಹತ್ತಿರ ಬಂದಿದ್ದರು, ವಾದ ಮಾಡಲು ಸಮಯ ಇರಲಿಲ್ಲ, ಲಾರಿಗಳು ಹೊರಟವು. ಆದರೆ ಜಾಗ ಸಾಲಲಿಲ್ಲ, ದಮಯಂತಿ. ಹತ್ತಲಾಗದೆ ನಿಂತವರು ಉಂಟು. ಕಪಿಂಗಳ ಅಮ್ಮ ತಾನೇ ಇಳಿದು ಬೇರೆಯವರ ಮಗುವನ್ನು ಮೇಲೆ ಕೊಟ್ಟಳು. ನಿಂತವರ ಹೆಸರನ್ನು ಈಗ ಕೇಳಬೇಡ. ಎಲ್ಲ ಗೊತ್ತು, ಬರೆಯಲು ಕೈ ಬರುವುದಿಲ್ಲ.

ಸ್ಟೋರು ಲೂಟಿಯಾಯಿತು. ನಮ್ಮ ಸಿಪಾಯಿಗಳು ವಾರವಿಡೀ ಅರೆಹೊಟ್ಟೆಯಲ್ಲಿ ಕಾದಿದರು. ಅವರು ನನ್ನನ್ನು ಬೈಯುವುದರಲ್ಲಿ ತಪ್ಪಿಲ್ಲ. ಇನ್ನು ಆಜ್ಞೆ ಮೀರಿದ್ದಕ್ಕೆ ವಿಚಾರಣೆ. ಕ್ಯಾಪ್ಟನ್ ಕೆಟ್ಟವರಲ್ಲ. ಗುಟ್ಟಾಗಿ ಬಂದು ದಾರಿ ಹೇಳಿಕೊಟ್ಟರು. ಬಿಡಾರದವರೇ ಕತ್ತಿ ತೋರಿಸಿ ಸಾಮಾನು ಹೊರಗೆ ಎಸೆದು ಲಾರಿ ಹತ್ತಿದರು ಎಂದು ಹೇಳಿದರೆ ನಾನು ಮಾರ್ಚಿಗೆ ಮನೆಯಲ್ಲಿ. ಹಾಗೆ ಹೇಳಿದರೆ ಅವರನ್ನು ಲೂಟಿಕೋರರೆಂದು ಇಲ್ಲಿಯ ಪೊಲೀಸರಿಗೆ ಒಪ್ಪಿಸುತ್ತಾರೆ. ಇಲ್ಲಿಯ ಪೊಲೀಸರೆಂದರೆ ಮೊದಲು ಕತ್ತಿ ಹಿಡಿದು ಬಂದವರ ಅಣ್ಣತಮ್ಮಂದಿರು.

ನಾನು ಇಷ್ಟು ವರ್ಷ ಹೇಳಿದ ಸುಳ್ಳುಗಳ ಮುಂದೆ ಇದು ಬಹಳ ಸಣ್ಣದು. ನಿನ್ನನ್ನು ನೋಡಬೇಕೆಂದು ಆಸೆಯಾಗುತ್ತಿದೆ. ನನಗೆ ಇಷ್ಟು ಆಸೆ ಯಾವತ್ತೂ ಆಗಿರಲಿಲ್ಲ.

ತೀರ್ಥರಾಮ

*

ಆಲಂಕಾರು
೧೫-೧-೧೯೬೨

ಕುಮುದಿನಿಯ ಅಪ್ಪನಿಗೆ,

ಸುಳ್ಳು ಹೇಳಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಅದೊಂದು ಸುಳ್ಳು ಹೇಳಿ ಬಂದುಬಿಡಿ.

ನಾನೇ ಹೆಸರು ಕೇಳಿದವಳು, ನಾನೇ ಹೀಗೆ ಬರೆಯುತ್ತಿದ್ದೇನೆ. ಏನು ಬೇಕಾದರೂ ಅಂದುಕೊಳ್ಳಿ. ಆ ಹಿಂದಿನ ಮನುಷ್ಯ ಜೈಲಿಗೆ ಹೋಗಿದ್ದರೆ ನಾನು ಒಂದು ಹೊತ್ತಿನ ಊಟವನ್ನೂ ಬಿಡುತ್ತಿರಲಿಲ್ಲ. ಈಗಿನವರನ್ನು ನನಗೆ ಕೊಟ್ಟ ಹಾಗೆ ಮಾಡಿ ದೇವರು ಕಿತ್ತುಕೊಳ್ಳುತ್ತಿದ್ದಾನೆ. ಕಪಿಂಗಳನ್ನು ನಾನು ನೋಡಿಲ್ಲ. ನನಗೆ ನೀವು ಬೇಕು. ಪಾಪ ಬಂದರೆ ನನಗೇ ಬರಲಿ, ನಾನು ಉಣ್ಣುತ್ತೇನೆ.

ಈ ಕಾಗದ ತಡವಾದರೆ ಅಂತ ಹೆದರಿ ನಾಳೆ ಪುತ್ತೂರಿಗೆ ಹೋಗಿ ಟೆಲಿಗ್ರಾಂ ಕೊಡುತ್ತೇನೆ.

ದಮಯಂತಿ

*

ಕಾಂಗೋ
೧೧-೨-೧೯೬೨

ದಮಯಂತಿ,

ನಿನ್ನ ಟೆಲಿಗ್ರಾಂ ವಿಚಾರಣೆಯ ಮೊದಲೇ ಸಿಕ್ಕಿತ್ತು. ಸಿಗಲಿಲ್ಲ ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ.

ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರನ್ನು ಹತ್ತಿಸಿದ್ದು ನಾನೇ, ಆಜ್ಞೆ ಕೇಳಿಸಿತ್ತು, ಮೀರಿದ್ದೂ ನಾನೇ. ಜೂನ್ ತಿಂಗಳಲ್ಲಿ ಬಾಗಿಲು ಮುಚ್ಚಿದ್ದನ್ನೂ ಹೇಳಿದೆ. ಅದನ್ನು ಯಾರೂ ಕೇಳಿರಲಿಲ್ಲ. ಅದು ಈ ವಿಚಾರಣೆಗೆ ಸೇರಿದ್ದಲ್ಲ ಎಂದರು. ಬಾಗಿಲು ಮುಚ್ಚಿದ್ದಕ್ಕೆ ಬೆನ್ನು ತಟ್ಟಿದ್ದರು, ಲಾರಿ ಹತ್ತಿಸಿದ್ದಕ್ಕೆ ಎರಡು ವರ್ಷ ಜೈಲು. ತೋಳಿನ ಪಟ್ಟಿ ಕಿತ್ತರು, ಸಮವಸ್ತ್ರ ಬಿಚ್ಚಿಸಿ ಸಾದಾ ಬಟ್ಟೆ ಕೊಟ್ಟರು. ಮುಂದಿನ ಹಡಗಿನಲ್ಲಿ ಕಳಿಸುತ್ತಾರೆ. ಯಾವ ಜೈಲೆಂದು ಅಲ್ಲಿಗೆ ಬಂದ ಮೇಲೆ ಗೊತ್ತಾಗಬೇಕು.

ಕಪಿಂಗ ಬದುಕಿದ್ದಾಳೆ. ಲಾರಿಯಲ್ಲಿ ಬಂದವರೆಲ್ಲ ಬೇರೆ ಬಿಡಾರದಲ್ಲಿ ಇದ್ದಾರೆ. ನನ್ನ ಹತ್ತಿರ ಇರುವ ಒಳ್ಳೆಯ ಸುದ್ದಿ ಇಷ್ಟೇ. ಹಿಂದೆ ಉಳಿದವರಲ್ಲಿ ಯಾರೂ ಇಲ್ಲ. ನಿದ್ರೆ ಬಂದರೆ ಅವರ ಮುಖ, ಬಾರದಿದ್ದರೆ ನಿನ್ನ ಟೆಲಿಗ್ರಾಂ. ಎರಡರ ನಡುವೆ ನನಗೆ ಹುಚ್ಚು ಹಿಡಿಯುತ್ತದೋ ಎಂದು ಹೆದರಿಕೆಯಾಗುತ್ತದೆ.

ನೀನು ಆಲಂಕಾರಿನಲ್ಲೇ ಇರು. ಬೆಳ್ಳಾರೆಗೆ ಹೋದರೆ ಪೇಟೆಯವರ ಬಾಯಿಗೆ ಬೀಳುತ್ತೀಯ. ನನ್ನನ್ನು ಕಾಯಬೇಡ. ಯಾರಾದರೂ ಕೇಳಿದರೆ ಗಂಡ ಯುದ್ಧದಲ್ಲಿ ಹೋದ ಎಂದು ಹೇಳಿಬಿಡು.

ತೀರ್ಥರಾಮ

*

ಬೆಳ್ಳಾರೆ
೬-೫-೧೯೬೨

ಕುಮುದಿನಿಯ ಅಪ್ಪನಿಗೆ,

ನಿಮ್ಮ ಕೊನೆಯ ಕಾಗದ ಬಂದು ತಿಂಗಳುಗಳಾದವು. ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದ. ಸಿಟ್ಟು ಈಗಲೂ ಹೋಗಿಲ್ಲ. ನಾನು ಅಷ್ಟು ಬೇಡಿಕೊಂಡರೂ ನೀವು ಕೇಳಲಿಲ್ಲ. ಒಂದು ದಿನ ನಿಮ್ಮ ಮೇಲೆ ಹೆಮ್ಮೆ, ಮರುದಿನ ನಿಮ್ಮನ್ನು ಹಿಡಿದು ಬಡಿಯಬೇಕು ಅನ್ನುವಷ್ಟು ಕೋಪ. ನೀವು ಯಾವ ಜೈಲಿನಲ್ಲಿ ಇದ್ದೀರಿ ಅಂತ ಬೆಳ್ಯಪ್ಪ ಬಾವ ಅಲ್ಲಿ ಇಲ್ಲಿ ಓಡಾಡಿ, ಬರೆದು ಕೇಳಿ, ಮೊನ್ನೆಯಷ್ಟೇ ವಿಳಾಸ ತಂದುಕೊಟ್ಟರು.

ಊರಿನ ಹೆಸರು ನೋಡಿದಿರಲ್ಲ. ಯುಗಾದಿ ಕಳೆದ ಮೇಲೆ ನಾನು ಮಗಳನ್ನು ಕರೆದುಕೊಂಡು ಇಲ್ಲಿಗೇ ಬಂದೆ. ನೀವು ಹೇಳಿದ ಹಾಗೆ ಪೇಟೆಗೆ ಬಾಯಿ ಉಂಟು. ಹೋದ ಸೋಮವಾರ ಅತ್ತೆಯ ಜೊತೆ ಕುಂಞಿ ಮೋನುವಿನ ಅಂಗಡಿಗೆ ಉಪ್ಪು ತರಲು ಹೋಗಿದ್ದೆ. ಅಲ್ಲಿ ಬೆಂಚಿನಲ್ಲಿ ಕೂತಿದ್ದವರಲ್ಲಿ ಒಬ್ಬರು ನನಗೆ ಕೇಳುವ ಹಾಗೆ, "ಮಿಲಿಟರಿಯ ಸಾಮಾನು ಮಾರಿ ಜೈಲಿಗೆ ಹೋದದ್ದಂತೆ ಮಾರಾಯ್ರೆ, ಇವಳ ಗಂಡ. ಯಾರು ಅವ, ಎಂತ ಅವನ ಹೆಸರು?" ಅಂದರು. ಉಳಿದವರು ನಕ್ಕರು. ಕುಂಞಿ ಮೋನು ಪಾಪ, ತಲೆ ತಗ್ಗಿಸಿ ಉಪ್ಪು ತೂಗುತ್ತಿದ್ದ.

ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ಮದುವೆಯ ದಿನ ನನ್ನ ಅಮ್ಮ ಹೇಳಿಕೊಟ್ಟಿದ್ದಳು. ಅವತ್ತಿನಿಂದ ಆ ಹೆಸರನ್ನು ನಾನು ದೇವರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಪುತ್ತೂರಿನಲ್ಲಿ ಟೆಲಿಗ್ರಾಂ ಕೊಡುವಾಗಲೂ ಚೆನ್ನಕೇಶವನೇ ಹೇಳಿದ್ದು.

"ತೀರ್ಥರಾಮ" ಅಂದೆ. ರಸ್ತೆಯ ಆಚೆಗೂ ಕೇಳುವ ಹಾಗೆ ಹೇಳಿದೆ. "ನನ್ನ ಗಂಡನ ಹೆಸರು ತೀರ್ಥರಾಮ. ಅವರು ಜೈಲಿಗೆ ಹೋದದ್ದು ಸಾಮಾನು ಮಾರಿ ಅಲ್ಲ, ಸಾಯುವವರನ್ನು ಲಾರಿಗೆ ಹತ್ತಿಸಿದ್ದಕ್ಕೆ. ಯಾರಿಗಾದರೂ ಇನ್ನೂ ಎಂತ ಕೇಳ್ಲಿಕ್ಕೆ ಉಂಟಾ?" ಅತ್ತೆ ಬೈಯುತ್ತಾರೆ ಅಂತ ನೋಡಿದರೆ ಉಪ್ಪಿನ ಪೊಟ್ಟಣ ತೆಗೆದುಕೊಂಡು, "ನಡೆ, ಮಧ್ಯಾಹ್ನಕ್ಕೆ ಅನ್ನ ಆಗಬೇಕು" ಅಂದರು.

ಜೈಲಿನಲ್ಲಿ ಮನೆಯವರನ್ನು ನೋಡಲು ಬಿಡುವ ದಿನ ಯಾವುದು ಅಂತ ಕೇಳಿ ಬರೆಯಿರಿ. ನಾನು ಬರುತ್ತೇನೆ. ಮಗಳನ್ನು ಈ ಸಲ ಕರೆತರುವುದಿಲ್ಲ, ಅವಳಿಗೆ ಇನ್ನೂ ಸಮಯ ಬೇಕು. ಬಾವ ರೈಲಿನವರೆಗೆ ಬರುತ್ತಾರೆ, ಆಮೇಲೆ ಒಬ್ಬಳೇ. ಗೇಟಿನಲ್ಲಿ ಯಾರ ಹೆಂಡತಿ ಅಂತ ಕೇಳುತ್ತಾರಂತೆ. ಕೇಳಲಿ. ನನಗೆ ಹೇಳಲು ಬರುತ್ತದೆ.

ದಮಯಂತಿ